‘ಇಲ್ಲ’ ಎಂದು ತುಂಬಿದ ಕಾಲಂ

ಪ್ರವೇಶ ಆಯ್ಕೆ ಸಮಿತಿಯ ಅಧ್ಯಕ್ಷರೇ,

ನನ್ನ ತಂಗಿ ಪ್ರಜ್ಞಾಳಿಗೆ ನಿಮ್ಮ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ‘ಅಂಕಗಳು ಉತ್ತಮ. ಆದರೆ ತರಗತಿಯಾಚೆ ಯಾವುದರಲ್ಲೂ ತೊಡಗಿಕೊಂಡಂತೆ ಕಾಣುವುದಿಲ್ಲ’ ಎನ್ನುತ್ತದೆ ನಿಮ್ಮ ಕಚೇರಿಯ ಪತ್ರ. ತಮಗೆ ಹಾಗೆ ಕಾಣುವಂತೆ ಮಾಡಿದವನು ನಾನೇ. ಅದಕ್ಕೇ ಎಲ್ಲರೆದುರು, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ; ಗ್ಯಾರೇಜು, ಬೇಕರಿ, ಈಗ ಗೂಡ್ಸ್ ಆಟೋ. ಆದರೂ ಅರ್ಜಿ ತುಂಬುವ ದಿನ ತಂಗಿ ನನ್ನನ್ನೇ ಅಜ್ಜಂಪುರದ ಸೈಬರ್ ಸೆಂಟರಿಗೆ ಕರೆದೊಯ್ದಳು. ‘ಪಠ್ಯೇತರ ಚಟುವಟಿಕೆಗಳು’ ಎಂಬ ಕಾಲಂ ಬಂದಾಗ ಅಂಗಡಿಯ ಓಂಕಾರೇಶಣ್ಣ, “ಪರಿಸರ ಸಂಘದ ಕಾರ್ಯದರ್ಶಿ ಅಂತ ಹಾಕ್ಬಿಡ್ತೀನಿ ಕಣಮ್ಮ. ಎಲ್ರಿಗೂ ಅದೇ ಹಾಕಿರೋದು” ಎಂದ.

“ನಿಮ್ ಸ್ಕೂಲಲ್ಲಿ ಪರಿಸರ ಸಂಘ ಇತ್ತೇನೇ?” ಎಂದೆ.

“ಎಲ್ಲಿತ್ತು? ಒಂದು ಹೊಂಗೆ ಮರ ಇತ್ತು. ಅದಕ್ಕೇ ಕಾರ್ಯದರ್ಶಿ ಆಗ್ಲಾ?” ಎಂದು ನಕ್ಕಳು.

“ಸುಳ್ಯಾಕೆ? ಇಲ್ಲ ಅಂತ ಬರಿ.”

“ಅವ್ವನ ಮುಯ್ಯಿ ತೀರಿಸಿದ್ದು ಬರೀಲೇನಣ್ಣ?”

“ಅದೇನ್ ಚಟುವಟಿಕೇನಾ? ಮನೆ ಕೆಲ್ಸ ಕಣೇ ಅದು.”

‘ಇಲ್ಲ’ ಎಂದು ತುಂಬಿದಳು.

ಮುಯ್ಯಿ ಎಂದರೇನೆಂದು ತಮ್ಮ ಸಮಿತಿಗೆ ತಿಳಿದಿರಲಿಕ್ಕಿಲ್ಲ. ಈರುಳ್ಳಿ ಹೊಲದ ಕಳೆಗೆ ನಮ್ಮ ಹನ್ನೊಂದು ಮನೆಯ ಹೆಂಗಸರು ಕೂಡುತ್ತಾರೆ. ಇವತ್ತು ಎಲ್ಲರೂ ಒಬ್ಬರ ಹೊಲಕ್ಕೆ, ನಾಳೆ ಇನ್ನೊಬ್ಬರ ಹೊಲಕ್ಕೆ, ಕೂಲಿಯಿಲ್ಲ. ನಮ್ಮ ಹೊಲದ ಕಳೆ ಮುಗಿದ ವಾರವೇ ಅವ್ವನಿಗೆ ಬೆನ್ನಿನ ಆಪರೇಷನ್ ಆಯಿತು. “ಹುಷಾರಾಗ್ಲಿ ಬಿಡವ್ವ, ಆಮೇಲೆ ಬತ್ತಾಳೆ” ಎಂದು ಪಕ್ಕದ ಮನೆಯ ಕಾಶಮ್ಮ ಹೇಳಿದರೂ ಪ್ರಜ್ಞಾ ಅವ್ವನ ಬದಲಿಗೆ ಹೋದಳು. ಅವ್ವ ಮತ್ತೆ ಬಗ್ಗಲಾರದೆ ಹೋದಳು. ಪ್ರಜ್ಞಾಳ ಭಾನುವಾರಗಳು ಎರಡು ವರ್ಷ ಹಾಗೇ ಹೋದವು. ಮಳೆ ಬಂದು ಸರದಿ ತಪ್ಪಿದರೆ ಹೆಂಗಸರಲ್ಲಿ ಜಗಳ. ಅದನ್ನು ಬಿಡಿಸುವ ಕೆಲಸ ಹದಿನಾರರ ಈ ಹುಡುಗಿಗೆ ಬಿತ್ತು. ಒಂಟಿ ಹೆಂಗಸೆಂದು ತಿಮ್ಮಕ್ಕನ ಹೊಲ ಸದಾ ಕೊನೆಗೆ ಬೀಳುತ್ತಿತ್ತು. ಎಲ್ಲರನ್ನೂ ಒಪ್ಪಿಸಿ ಅದನ್ನು ಮೊದಲಿಗೆ ತಂದಳು. ಅರ್ಜಿಯಲ್ಲಿ ತಾವು ಕೇಳುವ ‘ನಾಯಕತ್ವ’ ಇನ್ನೇನು ಸ್ವಾಮಿ? ಅದಕ್ಕೆ ಪ್ರಮಾಣಪತ್ರ ಯಾರು ಕೊಡಬೇಕಿತ್ತು, ಈರುಳ್ಳಿಯೇ?

ನಿಮ್ಮ ವೆಬ್‌ಸೈಟಿನಲ್ಲಿ ಈ ಸಾಲಿಗೆ ಆಯ್ಕೆಯಾದ ಹುಡುಗಿಯೊಬ್ಬಳ ಚಿತ್ರ ನೋಡಿದೆ. ‘ಗ್ರಾಮೀಣ ಬದುಕಿನ ಅನುಭವ, ಎರಡು ದಿನ.’ ಅದು ಕಾಶಮ್ಮನ ಹೊಲ. ಪೈರು ಯಾವುದು, ಕಳೆ ಯಾವುದು ಎಂದು ಅವಳಿಗೆ ತೋರಿಸಿಕೊಟ್ಟವಳು ಪ್ರಜ್ಞಾ. ಚಿತ್ರದ ಅಂಚಿನಲ್ಲಿ ತಂಗಿಯ ಕೈ ಇದೆ, ಹಸಿರು ಬಳೆ ನೋಡಿ ಗುರುತಿಸಿದೆ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಅವಳೇನೂ ಸುಳ್ಳು ಹೇಳಿಲ್ಲ. ಎರಡು ದಿನ ಮಾಡಿದ್ದನ್ನು ಹೇಳಿಕೊಳ್ಳಬಹುದೆಂದು ಅವಳಿಗೆ ಯಾರೋ ಕಲಿಸಿದ್ದರು. ಎರಡು ವರ್ಷ ಮಾಡಿದ್ದನ್ನು ಹೇಳಬೇಡವೆಂದು ಪ್ರಜ್ಞಾಳಿಗೆ ನಾನು ಕಲಿಸಿದೆ.

ಕನಿಕರದ ಸೀಟು ಬೇಡ. ತರಗತಿ ಶುರುವಾಗುವ ಮೊದಲು ಅವಳನ್ನು ಕರೆಸಿ, ಭಾನುವಾರ ಏನು ಮಾಡುತ್ತಿದ್ದೆ ಎಂದಷ್ಟೇ ಕೇಳಿ. ಉತ್ತರ ಕೇಳಿದ ಮೇಲೂ ಸೀಟಿಲ್ಲವೆಂದರೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಪತ್ರ ಬಂದ ದಿನ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀನೇನ್ ಸುಳ್ಳು ಬರ್ಸಿದ್ಯಾ? ಬಿಡಣ್ಣ” ಎಂದು ಹೊಲಕ್ಕೆ ಹೋದಳು.

ಬರೆಸಿದ್ದು ಸುಳ್ಳೇ, ಮಾನ್ಯರೇ. ತಿದ್ದಲು ಒಂದು ಅವಕಾಶ ಕೊಡಿ.

ಇಂತಿ,
ನಿಜ ಹೇಳುತ್ತೇನೆಂದು ಬೀಗುತ್ತಿದ್ದ
ವಿಜಯ್
ಒಂಬತ್ತನೇ ತರಗತಿ, ಅಪೂರ್ಣ
ಶಿವನಿ