ಹಾಕಲಾ, ಅಕ್ಕಾ?

೧೭ನೇ ತಾರೀಖು, ಸೋಮವಾರ
ಲ್ಯಾಬಿನ ಮೇಜಿನಿಂದ, ಮಧ್ಯಾಹ್ನ

ನನ್ನ ಗಡಿಬಿಡಿ ತಂಗಿಗೆ, ಅಕ್ಕನ ಅಕ್ಕರೆ.

ನೀನು ಹೇಳಿ ಅಮ್ಮನ ಕೈಯಲ್ಲಿ ಬರೆಸಿದ ಕಾಗದ ಬಂತು. ಅಮ್ಮನ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ನಿನ್ನ ಸಿಟ್ಟು ಒಂದು ಚೂರೂ ಕಡಿಮೆಯಾಗದೆ ಬಂದು ತಲುಪಿದೆ. ಈ ಉತ್ತರವನ್ನೂ ಅಮ್ಮನೇ ನಿನಗೆ ಓದಿ ಹೇಳಬೇಕಲ್ಲ, ಅದಕ್ಕೇ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಅಮ್ಮಾ, ಇದ್ದದ್ದನ್ನು ಇದ್ದ ಹಾಗೆ ಓದು. ಪಾಪ, ಅವಳಿಗೆ ನೋವಾಗುತ್ತದೆ ಅಂತ ನಡುನಡುವೆ ನುಂಗಬೇಡ. ಹೋಗಿರುವುದು ಕಣ್ಣು, ಕಿವಿ ಚೆನ್ನಾಗಿಯೇ ಇದೆ.

ನೀನು ಕೇಳಿರುವುದು ಒಂದೇ. ಬುಧವಾರ ತನಿಖೆಯ ಅಧಿಕಾರಿ ಮತ್ತೆ ಬರುತ್ತಾರೆ. ಮೋಟರು ಹಾಕಲಾ ಅಂತ ಅವತ್ತು ತಂಗಿ ಫೋನಿನಲ್ಲಿ ಕೇಳಿದಳು, ಹಾಕು ಅಂದವಳು ನಾನೇ ಅಂತ ಅವರ ಮುಂದೆ ನಾನು ಹೇಳಬೇಕು. ಹೇಳಿದರೆ ಫಿಟ್ಟರು ಸತ್ತ ಪಾಪ ನಿನ್ನ ತಲೆಯಿಂದ ಇಳಿಯುತ್ತದೆ, ಕೇಸೂ ಬಿದ್ದುಹೋಗುತ್ತದೆ. ಹೇಳದಿದ್ದರೆ ನೀನು ಅಮ್ಮನ ಕೈ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಬೇಕು. ಎಲ್ಲ ಅರ್ಥವಾಯಿತು. ಹೇಳುವುದಿಲ್ಲ.

ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ. ಶಾಲೆಯಲ್ಲಿ ರಸಾಯನಶಾಸ್ತ್ರದ ಪಾಠ ನಡೆಯುವಾಗ ನೀನು ಹಲಗೆಗಿಂತ ಕಿಟಕಿಯನ್ನೇ ಹೆಚ್ಚು ನೋಡಿದವಳು. ಈಗ ನೋಡಲು ಕಿಟಕಿಯೂ ಇಲ್ಲ, ಗಮನ ಕೊಟ್ಟು ಕೇಳು. ಎರಡು ವಸ್ತುಗಳು ಕೂಡಿ ಮೂರನೆಯದಾಗಬೇಕಾದರೆ ಅವುಗಳ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು. ಕಲಕಿದರೆ ಡಿಕ್ಕಿ ಜಾಸ್ತಿ. ಒಂದೇ ಸಲ ಹೆಚ್ಚು ಸುರಿದರೆ ಇನ್ನೂ ಜಾಸ್ತಿ. ಶಾಖ ಏರಿಸಿದರಂತೂ ಕೇಳುವುದೇ ಬೇಡ, ಹತ್ತು ಡಿಗ್ರಿಗೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ವೇಗಕ್ಕೆ ಮತ್ತೆ ಶಾಖ ಹುಟ್ಟುತ್ತದೆ, ಆ ಶಾಖಕ್ಕೆ ಮತ್ತೆ ವೇಗ. ಇನ್ನು ಆಸಿಡ್ ವೇಗವರ್ಧಕ. ಅಂದರೆ ತಾನು ಒಂದಿಷ್ಟೂ ಖರ್ಚಾಗದೆ ಉಳಿದವರನ್ನು ಹೊಡೆದಾಟಕ್ಕೆ ಹಚ್ಚುವ ಜಾತಿ. ನಮ್ಮ ದೊಡ್ಡಮ್ಮನನ್ನು ನೆನೆಸಿಕೋ, ತಿಳಿಯುತ್ತದೆ.

ನಮ್ಮ ಕಾರ್ಖಾನೆಯ ಅಂಟೂ ಇಷ್ಟೇ. ಹಂಡೆಯಂಥ ದೊಡ್ಡ ಕೆಟಲ್‌ನಲ್ಲಿ ಬಿಸಿ ಫೀನಾಲ್, ಜೊತೆಗೆ ಸ್ವಲ್ಪ ಆಸಿಡ್, ಮೇಲಿನಿಂದ ಹನಿ ಹನಿಯಾಗಿ ಫಾರ್ಮಾಲಿನ್. ಬಿದ್ದ ಹನಿ ಬೆರೆತು ಮುಗಿಯಬೇಕು, ಆಮೇಲೆ ಮುಂದಿನ ಹನಿ. ಒಂದು ಬ್ಯಾಚಿಗೆ ಆರು ಗಂಟೆ. ಹನ್ನೊಂದು ವರ್ಷ ಹಾಗೇ ನಡೆದಿತ್ತು. ನೀನು ಬಂದೆ, ಹತ್ತು ಡಿಗ್ರಿ ಏರಿಸಿದೆ, ವಾಲ್ವನ್ನು ಒಂದು ಸುತ್ತು ಜಾಸ್ತಿ ತಿರುಗಿಸಿದೆ, ನಾಲ್ಕೇ ಗಂಟೆಯಲ್ಲಿ ಮುಗಿಸಿದೆ. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮ್ಯಾನೇಜರು ನನ್ನ ಕಡೆ ತಿರುಗಿ, ನಿಮ್ಮ ತಂಗೀನ ನೋಡಿ ಕಲೀರಿ ಮೇಡಂ ಅಂದರು. ನಿನ್ನನ್ನು ಶಿಫ್ಟಿನ ಮುಖ್ಯಸ್ಥೆ ಮಾಡಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು, ನೆನಪಿದೆಯಾ?

ಅವತ್ತು ಕಲಕುವ ಮೋಟರಿನ ಬೆಲ್ಟು ಹರಿದು ಕೆಟಲ್ ಒಳಗಿನ ರೆಕ್ಕೆಗಳು ತಿರುಗುವುದು ನಿಂತಿತು. ನೀನು ಆ ಕ್ಷಣವೇ ಫಾರ್ಮಾಲಿನ್ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಲವತ್ತು ನಿಮಿಷ ಅದು ಹನಿಯುತ್ತಲೇ ಇತ್ತು, ಬೆರೆಯದೆ ಹಾಗೇ ಶೇಖರವಾಗುತ್ತಿತ್ತು. ಶಾಖ ಇಳಿಯುತ್ತಿದೆ ಅಂತ ಬುದ್ಧಿವಂತೆ ನೀನು ಹಬೆ ಬೇರೆ ಬಿಟ್ಟೆ! ಫಿಟ್ಟರು ಬಂದು ಬೆಲ್ಟು ಹಾಕಿದ. ನೀನು ಮುಚ್ಚಳ ತೆಗೆದು ಒಳಗೆ ಇಣುಕಿ, ಲ್ಯಾಬಿಗೆ ಫೋನು ಮಾಡಿ, ಹಾಕಲಾ, ಅಕ್ಕಾ ಅಂದೆ. ನಾನು ಹಾಕು ಅಂದೆ. ನೀನು ಮೋಟರು ಹಾಕಿದೆ. ನಲವತ್ತು ನಿಮಿಷದ ಹನಿಗಳೆಲ್ಲ ಒಂದೇ ಸಲ ಕೆಲಸಕ್ಕೆ ಇಳಿದವು, ಕುದಿಯುವ ಅಂಟು ತೆರೆದ ಬಾಯಿಂದ ಮೇಲಕ್ಕೆ ಚಿಮ್ಮಿತು. ನೀವಿಬ್ಬರೂ ಇನ್ನೂ ಮುಚ್ಚಳದ ಪಕ್ಕದಲ್ಲೇ ನಿಂತಿದ್ದಿರಿ.

ನಿನ್ನ ಕಾಗದದಲ್ಲಿ ದೊಡ್ಡ ವಾದ ಹೂಡಿದ್ದೀಯ. ನಮ್ಮ ಕಾರ್ಖಾನೆಯಲ್ಲಿ ನೀರು ಬಿಡ್ತಾರೆ, ಹಬೆ ಬಿಡ್ತಾರೆ, ಆಸಿಡ್ ಸುರೀತಾರೆ, ಮೋಟರು ಮಾತ್ರ ಹಾಕ್ತಾರೆ, ಇದು ಅಕ್ಕನಿಗೆ ಗೊತ್ತಿಲ್ವಾ ಅಂತ. ಗೊತ್ತು ಪುಣ್ಯಾತ್ಗಿತ್ತಿ. ಆದರೆ ಮುಚ್ಚಳವನ್ನೂ ಹಾಕುತ್ತಾರೆ. ಬೀಗ ಹಾಕುತ್ತಾರೆ, ಸಹಿ ಹಾಕುತ್ತಾರೆ. ನೀನು ಮುಚ್ಚಳ ಹಾಕಲಾ ಅಂತ ಕೇಳುತ್ತಿದ್ದೀಯ ಅಂದುಕೊಂಡೆ. ಅಧಿಕಾರಿಗೂ ಹಾಗೇ ಹೇಳಿದೆ, ಅವರು ತಲೆಯಾಡಿಸಿ ಬರೆದುಕೊಂಡರು. ಅಕ್ಕ ಹೇಳಿದ ಹಾಗೆ ಮುಚ್ಚಳ ಹಾಕಿದ್ದರೆ ಇವತ್ತು ಈ ಕಾಗದವನ್ನು ನೀನೇ ಓದಿಕೊಳ್ಳುತ್ತಿದ್ದೆ. ಅಮ್ಮಾ, ಈ ಸಾಲನ್ನು ಇನ್ನೊಂದು ಸಲ ಓದು.

ಇಷ್ಟು ಹೊತ್ತು ನಿಂತಿತ್ತು, ಈಗ ಸರಿ ಹೋಯ್ತು ಅಂತ ಮೊದಲೇ ಫೋನಿನಲ್ಲಿ ಹೇಳಿದ್ದೆ ಅನ್ನುತ್ತೀಯ. ನನಗೆ ಕೇಳಿಸಲಿಲ್ಲ. ನಿನ್ನ ಕಡೆ ಪಂಪಿನ ಗದ್ದಲ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಪಕ್ಕದಲ್ಲಿದ್ದ ಫಿಟ್ಟರು ಕೇಳಿಸಿಕೊಂಡಿದ್ದಾನೆ ಅಂತಲೂ ಬರೆಸಿದ್ದೀಯ. ಒಳ್ಳೆಯ ಸಾಕ್ಷಿ. ಕರೆದುಕೊಂಡು ಬಾ.

ಅವನ ಹೆಂಡತಿ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಂದು ಕೂರುತ್ತಾಳೆ. ಮೊನ್ನೆ ನನ್ನನ್ನು ತಡೆದು, ಯಾರಮ್ಮಾ ಆ ಮೋಟರು ಹಾಕಿದ್ದು, ಒಂದು ಸಲ ಮುಖ ನೋಡಬೇಕು ಅಂದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಿಮ್ಮ ಮನೆಗೆ ಬರುವ ದಾರಿ ಹೇಳಿದ್ದೇನೆ. ಬಂದರೆ ಕೂರಿಸಿ ಮಾತಾಡಿಸು, ಪಾಪದ ಹೆಂಗಸು.

ಹೊಸ ಚರ್ಮ ನವೆಯಾದರೂ ಕೆರೆದುಕೊಳ್ಳಬೇಡ. ಮುಲಾಮು ಎರಡು ಹೊತ್ತೂ ತಪ್ಪಿಸಬೇಡ. ನಿನ್ನ ಶಿಫ್ಟನ್ನೂ ನನಗೇ ಒಪ್ಪಿಸಿದ್ದಾರೆ, ಉಸಿರಾಡಲು ಪುರುಸೊತ್ತಿಲ್ಲ. ಬ್ಯಾಚಿಗೆ ಮತ್ತೆ ಆರು ಗಂಟೆಯೇ ಹಿಡಿಯುತ್ತಿದೆ, ಮ್ಯಾನೇಜರು ಸೇರಿ ಯಾರೂ ಗೊಣಗುತ್ತಿಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಅಮ್ಮಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಇದು ನಿನಗೊಬ್ಬಳಿಗೇ.

ನಿಂತಿತ್ತು ಅಂತ ಅವಳು ಹೇಳಿದ್ದು ನನಗೆ ಕೇಳಿಸಿತ್ತು. ಹಾಕಲಾ ಅಂದದ್ದು ಮೋಟರನ್ನೇ ಅಂತಲೂ ಗೊತ್ತಿತ್ತು. ನಿಂತು ಐದು ನಿಮಿಷ ಆಗಿರಬಹುದು ಅಂದುಕೊಂಡೆ. ಐದು ನಿಮಿಷದ ಫಾರ್ಮಾಲಿನ್ ಒಟ್ಟಿಗೆ ಬೆರೆತರೆ ಅಂಟು ಅತಿಯಾಗಿ ಗಟ್ಟಿಯಾಗುತ್ತದೆ, ಬ್ಯಾಚು ಕೆಡುತ್ತದೆ, ಎಲ್ಲರೆದುರು ಅವಳ ಜಂಭ ಇಳಿಯುತ್ತದೆ. ನಾನು ಬಯಸಿದ್ದು ಅಷ್ಟೇ, ನಿನ್ನಾಣೆ. ನಲವತ್ತು ನಿಮಿಷ ಆಗಿತ್ತು ಅಂತ ಆಮೇಲೆ ತಿಳಿಯಿತು. ಎಷ್ಟು ಹೊತ್ತಾಯಿತು ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಬೇಡ ಅನ್ನಬೇಕಾಗುತ್ತಿತ್ತು.

ಒಬ್ಬಳೇ ಹೊತ್ತು ತಿರುಗಲು ನನ್ನಿಂದ ಆಗುತ್ತಿಲ್ಲ, ಅದಕ್ಕೇ ನಿನಗೆ ಬರೆದೆ. ಬೇಕಾದರೆ ಈಗಲೇ ಅವಳಿಗೆ ಓದಿ ಹೇಳು, ಬುಧವಾರ ಅಧಿಕಾರಿಯ ಕೈಗೂ ಕೊಡು. ಒಬ್ಬ ಮಗಳಿಗೆ ಕಣ್ಣಿಲ್ಲ, ಇನ್ನೊಬ್ಬಳು ಜೈಲಿನಲ್ಲಿ ಅಂತಾಗುತ್ತದೆ. ಓದದಿದ್ದರೆ ನನ್ನ ಜೊತೆ ನೀನೂ ಸೇರಿದೆ ಅಂತ ಅರ್ಥ.

ಇಷ್ಟು ಹೊತ್ತು ನೀನು ಸುಮ್ಮನಿದ್ದೀಯಲ್ಲ, ಅವಳು ಕೇಳುತ್ತಾಳೆ, ಅಮ್ಮಾ, ಮುಗೀತಾ ಅಂತ. ಮುಗೀತು ಅನ್ನು.