ಬೇವಿನ ನೆರಳಿಗಿಟ್ಟ ಚಪ್ಪಲಿ

೭ ಮೇ ೨೦೨೧, ಸಂಜೆ. ಔರಾದ

ಇವತ್ತೂ ಡಾಬಕಾದ ಶಾಲೆಯಲ್ಲೇ ಡ್ಯೂಟಿ. ಕಾಲೇಜು ಮುಚ್ಚಿದೆ, ಪಾಠವಿಲ್ಲ. ಲಸಿಕೆಗೆ ಬಂದವರ ಹೆಸರು ಲ್ಯಾಪ್‌ಟಾಪಿಗೆ ಏರಿಸುವುದೇ ಕೆಲಸ. ಬಸ್ಸಿಲ್ಲ. ಶ್ರೀಪಾದ ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟು ಹೋಗುತ್ತಾರೆ. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಗಂಡನ ಬೆನ್ನಿಗೆ ಇಷ್ಟು ದಿನ ಒರಗಿ ಕೂತದ್ದಿಲ್ಲ. ದಾರಿಯಲ್ಲಿ ಒಂದು ಕವಿತೆಯ ಸಾಲು ಹೇಳಿದೆ.

"ಛಂದ ಅದ. ಮುಂದ ತಗ್ಗು ಅದ, ಗಟ್ಟಿ ಹಿಡಿ."

ಶಾಲೆಯ ಅಂಗಳದಲ್ಲಿ ಪಾಳಿ ಹಿಡಿಯುವುದು ಚಪ್ಪಲಿ. ನೀರಿನ ಟ್ಯಾಂಕರ್ ಬರುವ ಹೊತ್ತೂ ಲಸಿಕೆಯ ಹೊತ್ತೂ ಒಂದೇ. ಹೆಂಗಸರು ಚಪ್ಪಲಿ ಲಸಿಕೆಯ ಪಾಳಿಯಲ್ಲಿ ಬಿಟ್ಟು, ಬರಿಗಾಲಲ್ಲಿ ಟ್ಯಾಂಕರಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಬೀದರಿನಿಂದ ಕಾರಿನಲ್ಲಿ ಬಂದವರೊಬ್ಬರು ನಕ್ಕರು: "ಚಪ್ಪಲಿಗೆ ಸೂಜಿ ಚುಚ್ತೀರೇನ್ರಿ?"

"ಹೌದ್ರಿ ಸಾಹೇಬ್ರ. ಅವು ಸುಮ್ಮ ಕೂಡ್ತಾವ," ಎಂದರು ಸಿಸ್ಟರ್ ಮಹಮೂದಾ ಬೇಗಂ.

೧೦ ಮೇ, ಸಂಜೆ

ನಾಳೆ ಒಂದೇ ಬಾಟಲಿಯಂತೆ. ಹತ್ತು ಜನಕ್ಕೆ. ಆಮೇಲೆ ಯಾವಾಗಲೋ, ಸಿಸ್ಟರಿಗೂ ಗೊತ್ತಿಲ್ಲ.

ಶ್ರೀಪಾದರದು ಮೊದಲ ಡೋಸೇ ಆಗಿಲ್ಲ. ಐವತ್ತಮೂರು ವರ್ಷ, ಶುಗರ್. ಏಪ್ರಿಲ್ ಪೂರ್ತಿ ಸೂಜಿಗೆ ಹೆದರಿ ನೆಪ ಹೇಳಿದರು. ಈಗ ಅವರು ಕೆಲಸ ಮಾಡುವ ಕೊಳಾರದ ಗೋದಾಮಿನ ಪಕ್ಕದ ಮೇಜಿನ ಮಡೆಪ್ಪ ಕರೋನಾದಿಂದ ತೀರಿಕೊಂಡ ಸುದ್ದಿ ಬಂದಿದೆ. ಊಟ ಅರ್ಧಕ್ಕೇ ಬಿಟ್ಟು ಎದ್ದರು.

"ಡ್ಯೂಟಿ ನಿಂದು. ನನ್ನ ಹೆಸರು ಮದ್ಲ ಬರಕೊಳ್ಳಾಕ ಬರೂದಿಲ್ಲೇನು?"

"ಇಲ್ರಿ. ಪಾಳಿಗೆ ನಿಲ್ರಿ."

"ಗೊತ್ತಿತ್ತು. ಕೇಳಿ ನೋಡ್ದೆ."

೧೧ ಮೇ, ಮಧ್ಯಾಹ್ನ ೩

ಹತ್ತನೆಯವರು ಶ್ರೀಪಾದ. ಹೆಸರು ಏರಿಸಿದೆ. ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿ ಕೂತಿದ್ದರು. ನಗು ಬಂತು. ಎದೆ ಹಗುರ. ಸಿಸ್ಟರ್ ಬಾಟಲಿ ಕೈಗೆತ್ತಿಕೊಂಡರು.

ಅಂಗಳದಿಂದ ದನಿ: "ನನ್ನ ಚಪ್ಪಲಿ ಯಾರ ಒಯ್ದರ್ರೀ?"

ಶೇವಂತಾಬಾಯಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ, ಹೋದ ವಾರ ಊರಿಗೆ ಮರಳಿದವಳು. ಅರವತ್ತು ದಾಟಿದೆ. ಮೂರು ದಿನದಿಂದ ಬರುತ್ತಿದ್ದಾಳೆ. ಮೂರೂ ದಿನ ಲಸಿಕೆ ಮುಗಿದಿತ್ತು. ತಲೆಯ ಮೇಲೆ ತುಂಬಿದ ಕೊಡ. ಬರಿಗಾಲು.

ಚಪ್ಪಲಿ ಬೇವಿನ ಬುಡದಲ್ಲಿ ಸಿಕ್ಕಿತು. ಹತ್ತನೆಯ ಪಾಳಿ ಹಿಡಿದಿದ್ದ ಅದನ್ನು ಎತ್ತಿಟ್ಟವರು ನಮ್ಮ ಮನೆಯವರೇ.

"ಯಾರೋ ಬಿಟ್ಟ ಹೋಗ್ಯಾರ, ಮಂದಿ ಎಡವ್ತಾರ ಅಂತ ನೆಳ್ಳಿಗೆ ಇಟ್ಟೆ." ಗೋದಾಮಿನ ಶಿಸ್ತು. ಇಲ್ಲಿಯ ಪಾಳಿಯ ರೀತಿ ಅವರಿಗೆ ಗೊತ್ತಿಲ್ಲ. ನಾನು ಹೇಳಿರಲಿಲ್ಲ.

ಶೇವಂತಾಬಾಯಿ ನನ್ನ ಕಡೆ ತಿರುಗಿದಳು: "ಸಾಹೇಬ್ರು ನಿಮ್ಮ ಮನಿಯವರಂತಲ್ರಿ ಮೇಡಮ್ಮೋರ. ಇರಲಿ ಬಿಡ್ರಿ. ನಾ ನಾಳಿ ಬರ್ತೀನಿ."

ನಾಳೆ ಇಲ್ಲ. ಅದು ನನಗೆ ಗೊತ್ತಿತ್ತು, ಅವಳಿಗಿಲ್ಲ. ಸಿಸ್ಟರ್ ನನ್ನ ಮುಖ ನೋಡಲಿಲ್ಲ, ಬಾಟಲಿ ನೋಡುತ್ತ ನಿಂತರು. ಕ್ಲಾಸಿನಲ್ಲಿ ನ್ಯಾಯ ಅನ್ನುವ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಿದ್ದೆ...

ಶ್ರೀಪಾದರ ಹೆಸರು ಅಳಿಸಿದೆ.

ಅವರು ತೋಳು ಇಳಿಸಿಕೊಂಡು ಎದ್ದರು. ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟರು. "ತಪ್ಪಾತು ಅಕ್ಕಾ."

"ಅಯ್ಯ, ಮುಟ್ಟಬ್ಯಾಡ್ರಿ ಸಾಹೇಬ್ರ!" ಕೊಡ ಅಲುಗಿ ಅವರ ಮೇಲೆ ನೀರು ಚೆಲ್ಲಿತು.

ಅವಳಿಗೆ ಫೋನಿಲ್ಲ. ಅವಳ ಹೆಸರು ಏರಿಸಿ, ಅದರ ಮುಂದೆ ನನ್ನ ನಂಬರ್ ಬರೆದೆ.

ಮರಳುವಾಗ ಅವರ ಬೆನ್ನಿಗೆ ಒರಗಲಿಲ್ಲ. ಅವರೇ ಕೇಳಿದರು, "ಕವಿತಿ ಸಾಲು ಇಲ್ಲೇನು ಇವತ್ತ?" ಒಂದೂ ನೆನಪಾಗಲಿಲ್ಲ.

೧೬ ಮೇ

ಶ್ರೀಪಾದರಿಗೆ ಜ್ವರ, ಮೂರನೇ ದಿನ. ಆಕ್ಸಿಜನ್ ೯೧. ಬೀದರಿಗೆ ಹೊರಟಿದ್ದೇವೆ. ಬ್ಯಾಗಿನಲ್ಲಿ ಟವೆಲ್, ಶುಗರ್ ಮಾತ್ರೆ, ಚಾರ್ಜರ್ —

೬ ಜೂನ್. ಭಾಲ್ಕಿ, ಅತ್ತೆಯ ಮನೆ

ಶ್ರೀಪಾದ ಬಂದು ವಾರ ದಾಟಿತು. ಹನ್ನೆರಡು ದಿನ ಆಸ್ಪತ್ರೆ. ಮೈ ಇಳಿದು, ಬೇರೆಯವರ ಅಂಗಿ ತೊಟ್ಟಂತೆ ಕಾಣುತ್ತಾರೆ.

ವಾರ್ಡಿನೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ದಿನಕ್ಕೊಂದು ಕವಿತೆಯ ಸಾಲು ಫೋನಿನಲ್ಲಿ ಓದುತ್ತಿದ್ದೆ. ಉಸಿರಿನ ಮಧ್ಯೆ ಉತ್ತರ: "ಛಂದ... ಅದ."

ಡಾಕ್ಟರನ್ನು ಕೇಳಿದ್ದೆ. ಅವತ್ತು ಚುಚ್ಚಿಸಿಕೊಂಡಿದ್ದರೂ ಎರಡು ಮೂರು ದಿನದಲ್ಲಿ ಏನೂ ಫರಕು ಬೀಳುತ್ತಿರಲಿಲ್ಲ ಎಂದರು. ತಲೆ ಒಪ್ಪಿತು. ಕೈ ಒಪ್ಪಲಿಲ್ಲ. ಅಳಿಸಿದ್ದು ಈ ಕೈ.

ಇವತ್ತು ಗಂಜಿ ಕುಡಿಸುವಾಗ ಕೇಳಿಯೇಬಿಟ್ಟೆ. "ಸಿಟ್ಟದ ಏನ್ರಿ ನನ್ನ ಮ್ಯಾಲ?"

"ಅದ. ಚಪ್ಪಲಿ ಸುದ್ದಿ ಮದ್ಲ ಹೇಳಬೇಕಿಲ್ಲೇನು? ನಸುಕಿನ್ಯಾಗೇ ಹೋಗಿ ನನ್ನ ಹಳೀ ಕೊಲ್ಹಾಪುರಿ ಇಟ್ಟ ಬರ್ತಿದ್ದೆ."

ಒಳಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಬಂದು ನಕ್ಕೆ.

೩ ಆಗಸ್ಟ್, ಬೆಳಿಗ್ಗೆ ೭. ಔರಾದ

ನನ್ನ ಫೋನಿಗೆ ಮೆಸೇಜು. ಶ್ರೀಪಾದ ಓದಿದರು: "ನಮ್ಮ ಶೇವಂತಾಬಾಯಿ ಅಕ್ಕಂದು ಬಂದದ. ಎರಡನೇ ಡೋಸ್ ಇವತ್ತ."

ಶ್ರೀಪಾದರ ಮೊದಲ ಡೋಸ್ ಇನ್ನೂ ಈ ತಿಂಗಳ ಕೊನೆಗೆ, ಕಾಯಿಲೆಯಾದವರು ಮೂರು ತಿಂಗಳು ಕಾಯಬೇಕು. ಆದರೂ ಸ್ಕೂಟರ್ ಒರೆಸುತ್ತಿದ್ದಾರೆ, ಮೇ ತಿಂಗಳ ನಂತರ ಇದೇ ಮೊದಲು. ಬೇಡವೆಂದರೆ ಕೇಳುವುದಿಲ್ಲ.

ಹ್ಯಾಂಡಲಿಗೆ ಒಂದು ಚೀಲ. ನೋಡಿದೆ. ಹಳೆಯ ಕೊಲ್ಹಾಪುರಿ.

"ಇದ್ಯಾಕ್ರಿ?"

"ಶೇವಂತಾಬಾಯಿ ಸೋಯಾ ಹೊಲದಾಗ ಕಳೆ ತೆಗೀಲತ್ತಿರ್ತಾಳ. ಆಕಿ ಬರೂತನ ಪಾಳ್ಯಾಗ ನಂದು ನಿಂದ್ರಲಿ."

ಹಾರ್ನ್ ಹಾಕುತ್ತಿದ್ದಾರೆ. ಇವತ್ತು ಹೇಳಲು ಒಂದು ಸಾಲಿದೆ, ಬರೆದಿಟ್ಟುಕೊಂಡೇ ಹೋಗ —