ಪ್ರಮಿಳಾಳ ಕಂಪ್ಯೂಟರ್ ಕೂಗಿದ ವಾರ

೨೭ ಅಕ್ಟೋಬರ್ ೨೦೦೧, ಶನಿವಾರ. ಟಿಳಕವಾಡಿ

ಅರ್ಧ ದಿನ ಆಫೀಸು. ಬರುವಾಗ ಲೈಬ್ರರಿ. ಬಂಗಾಳಿಯಿಂದ ಬಂದ ಕಾದಂಬರಿ ಹಿಂತಿರುಗಿಸಿದೆ. ಅನುವಾದಕರು ಮೀನಿನ ಹೆಸರುಗಳನ್ನೆಲ್ಲ ಹಾಗೆಯೇ ಬಿಟ್ಟಿದ್ದಾರೆ, ಒಳ್ಳೆಯದು. ರಷ್ಯನ್ನಿನದೊಂದು ತಂದೆ. ಬಟ್ಟೆ ನೆನೆಹಾಕುತ್ತಿದ್ದೆ, ಕೆಳಗಿನ ಮನೆಯ ಕುಂದಾ ವಹಿನಿ ಕರೆದರು — ಖಾನಾಪುರದಿಂದ ಫೋನು.

ತಂಗಿ ಪ್ರಮಿಳಾ. ಊಟ ಆಯಿತೇ ಎಂದು ಕೇಳದೆ ಮಾತು ಶುರುಮಾಡುವವಳಲ್ಲ. ಇವತ್ತು ಕೇಳಲಿಲ್ಲ.

"ಅಕ್ಕಾ, ಕಂಪ್ಯೂಟರ್ ಚಾಲೂ ಆಗವಲ್ದು. ಪಡದೆ ಕರ್ರಗ ಐತಿ. ಒಳಗ ಏನೋ ಒಂದಽ ಸಮನ ಕೂಗಾಕತ್ತೈತಿ."

ಖಂಡೆ ಪೂಜೆಯ ಹಿಂದಿನ ದಿನ ಸರಿ ಇತ್ತು. ಪೂಜೆಗೆ ಇಟ್ಟಿದ್ದನ್ನು ದಸರಾ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅದು ಕುಡುಗೋಲಾಗಲಿ ಕಂಪ್ಯೂಟರಾಗಲಿ. ಇವತ್ತು ಬಟನ್ ಒತ್ತಿದರೆ ಹೀಗೆ. ಪ್ಲಗ್ ಬೇರೆ ಕಡೆ ಹಾಕಿ ನೋಡು, ಮಾನಿಟರಿನ ವೈರು ಬಿಗಿ ಮಾಡು ಎಂದೆ. ಎರಡೂ ಮಾಡಿದ್ದಾಳೆ.

೨೮, ರವಿವಾರ

ಓದಲು ಕುಳಿತೆ. ಒಂದೇ ಪುಟ ಮೂರು ಸಲ. ಬರೆದರೆ ವಿಷಯ ಸ್ವಲ್ಪ ಚಿಕ್ಕದಾಗುತ್ತದೆ, ಆದ್ದರಿಂದ ಬರೆಯುತ್ತೇನೆ.

ಪ್ರಮಿಳಾ ಗಂಡನ ಮನೆ ಬಿಟ್ಟು ಕಾಕತಿಯಿಂದ ಖಾನಾಪುರದ ತವರಿಗೆ ಬಂದು ಎರಡನೆಯ ದಸರಾ. ಏಕೆ ಬಂದಳೆಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಯಾವುದೋ ಆಫೀಸಿನಲ್ಲಿ ತೆಗೆದುಹಾಕಿದ್ದ ಹಳೆಯ ಮಶೀನು ಕೊಡಿಸಿದೆ. ಹೊರಗಿನ ಖೋಲಿಯಲ್ಲಿ ಡಿಟಿಪಿ ಶುರುಮಾಡಿದಳು. ಲಗ್ನಪತ್ರಿಕೆ, ಅರ್ಜಿ — ಬಿಡಿ ಕೆಲಸ. ಈಗ ಮೊದಲ ಸಲ ದೊಡ್ಡದು. ಅಲ್ಲಿಯ ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣಸಂಚಿಕೆ, ಅರ್ಧ ಕನ್ನಡ, ಅರ್ಧ ಮರಾಠಿ. ಟೈಪು ಮುಗಿದಿತ್ತು. ಫ್ಲಾಪಿ ಡ್ರೈವ್ ಮೊದಲಿನಿಂದಲೂ ಕೆಟ್ಟದ್ದು, ಹೀಗಾಗಿ ಬೇರೆ ಪ್ರತಿ ಇಲ್ಲ. ಇರುವುದೆಲ್ಲ ಆ ಕೂಗುವ ಡಬ್ಬಿಯೊಳಗೆ.

ಅವಳ ಮಾವ ದುಂಡಪ್ಪ ಮುಂದಿನ ರವಿವಾರ ಬರುತ್ತಾರೆ, ಕರೆದುಕೊಂಡು ಹೋಗಲು. ಅಪ್ಪ ಬೈಯುವವರಲ್ಲ. ಹಬ್ಬದ ದಿನ ಇಷ್ಟೇ ಹೇಳಿದ್ದು: "ಅವರ ಮುಂದ ತೋರ್ಸಾಕ ಒಂದು ಕೆಲಸ ಇರಲಿ ನಮ್ಮ ಕೈಯಾಗ. ಇಲ್ಲಂದ್ರ ನಾ ಏನಂತ ಮಾತಾಡ್ಲಿ?"

೩೦, ಮಂಗಳವಾರ

ಇಲ್ಲಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಹೇಳಿದೆ. ಪೂರ್ತಿ ಕೇಳುವ ಮೊದಲೇ ಹಾರ್ಡ್ ಡಿಸ್ಕ್ ಹೋಗಿರಬೇಕು, ತನ್ನಿ, ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ ಎಂದರು. ಒಳಗಿರುವುದು? ಅದು ಹೋಗುತ್ತದೆ. ಹೊರಗೆ ಬಂದು ಒಂದು ಕ್ಷಣ ರಸ್ತೆ ದಾಟುವುದೇ ತಿಳಿಯಲಿಲ್ಲ.

ನಮ್ಮ ಆಫೀಸಿನ ಪಂಢರಿನಾಥ ಅಲ್ಲಿಯ ಕಂಪ್ಯೂಟರುಗಳ ಉಸ್ತುವಾರಿ. ಅವರಿಗೆ ಹೇಳಿದೆ. ಕೂಗುವುದು ಹೇಗೆ ಎಂದು ಕೇಳಿದರು. ಆಫೀಸಿನ ಫೋನಿನಿಂದ ಖಾನಾಪುರಕ್ಕೆ ಹಚ್ಚಿ, ಮಶೀನು ಚಾಲೂ ಮಾಡಿ ರಿಸೀವರ್ ಅದರ ಹತ್ತಿರ ಹಿಡಿ ಎಂದೆ. ಪಂಢರಿನಾಥ ಕಣ್ಣು ಮುಚ್ಚಿ ಕೇಳಿದರು. ನಡುವೆ ಅವ್ವನ ದನಿಯೂ ಬಂತು: "ಭಂಡಾರ ಕಡಿಮಿ ಬಿದ್ದಿರಬೇಕು. ಇನ್ನೊಂದು ಬೊಗಸಿ ಹಾರಸ್ತೇನಿ, ತಡಿ."

"ನಿಮ್ಮ ಆಯೀನ ಪಹಿಲೇ ದೂರ ಸರಸ್ರಿ," ಎಂದರು ಪಂಢರಿನಾಥ. ಆಮೇಲೆ, "ಹಾರ್ಡ್ ಡಿಸ್ಕ್ ಆರಾಮ ಇರಬೇಕ್ರಿ ಮೇಡಂ. ಉದ್ದ ಕೂಗ್ತದ, ನಿಂದರ್ತದ, ಮತ್ತ ಕೂಗ್ತದ. ಇದು ರ‍್ಯಾಮಿನ ಕೂಗು."

ಪ್ಲಗ್ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ತು ಹೋಗಲೆಂದು ಮೊದಲು ಕಬ್ಬಿಣ ಮುಟ್ಟಿ, ರ‍್ಯಾಮ್ ಪಟ್ಟಿ ತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಕೂಡಿಸಬೇಕು. ಇಷ್ಟೇ? ಇಷ್ಟೇ ಇರಬಹುದು ಎಂದರು. "ಇರಬಹುದು" ಹಿಡಿದುಕೊಂಡು ಮನೆಗೆ ಬಂದೆ.

೧ ನವೆಂಬರ್, ಗುರುವಾರ. ಖಾನಾಪುರ

ರಾಜ್ಯೋತ್ಸವದ ರಜೆ. ಮೆರವಣಿಗೆಯಲ್ಲಿ ಬಸ್ಸು ಸಿಕ್ಕಿಕೊಳ್ಳುತ್ತದೆ, ರೈಲಿಗೆ ಬಂದೆ.

ಡಬ್ಬಿಯ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೆದೆವು. ಒಳಗೆಲ್ಲ ಹಳದಿ.

ಭಂಡಾರ. ಖಂಡೆ ಪೂಜೆಗೆ ಅವ್ವ ಬೀರದೇವರ ಹೆಸರು ಹೇಳಿ ಬೊಗಸೆ ತುಂಬ ಅರಿಶಿನದ ಪುಡಿ ಹಾರಿಸಿದ್ದಾಳೆ, ಕುರಿಗಳ ಮೇಲೆ ಹಾರಿಸುವ ಹಾಗೆ. ಹಿಂದಿನ ಜಾಲರಿಯಿಂದ ಒಳಗೆ ಇಳಿದಿದೆ. ಫ್ಯಾನಿನ ಎಲೆಗಳ ಮೇಲೆ, ಪಟ್ಟಿಗಳ ಸಂದಿಯಲ್ಲಿ, ಎಲ್ಲ ಕಡೆ. ಮಗಳ ಕೆಲಸ ನಡೆಯಲಿ ಎಂದು ಎರಡು ಬೊಗಸೆ ಹೆಚ್ಚೇ ಹಾರಿಸಿರಬೇಕು.

ಬಣ್ಣ ಹಚ್ಚುವ ಬ್ರಷ್ಷಿನಿಂದ ಪೇಪರಿನ ಮೇಲೆ ಕೂಡಿಸಿದೆವು. ಚೆಲ್ಲುವ ಹಾಗಿಲ್ಲ, ದೇವರದು. ಪ್ರಮಿಳಾ ಚಿಟಿಕೆ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು, ನನಗೂ ಹಚ್ಚಿದಳು. ಪಟ್ಟಿ ತಿಕ್ಕಿದೆ. ರಬ್ಬರಿನ ಚೂರು ಊದಿದೆ. ಕೂಡಿಸಿದೆ. ಬಟನ್ — ಅದೇ ಕೂಗು.

ಪ್ರಮಿಳಾ ಕುರ್ಚಿಯ ಹಿಡಿಕೆ ಹಿಡಿದು ನಿಂತಳು. ಪ್ಲಗ್ ಕಿತ್ತು ಮತ್ತೆ ನೋಡಿದೆ. ಪಟ್ಟಿಯ ಒಂದು ತುದಿ ಪೂರ್ತಿ ಕುಳಿತಿರಲಿಲ್ಲ. ಮುರಿದೀತೆಂಬ ಹೆದರಿಕೆಗೆ ಮೆಲ್ಲಗೆ ಒತ್ತಿದ್ದೆ. ಈ ಸಲ ಗಟ್ಟಿಯಾಗಿ, ಟಕ್ ಎನ್ನುವವರೆಗೆ.

ಒಂದು ಸಣ್ಣ ಬೀಪ್. ಆಮೇಲೆ ಮೌನ. ಪರದೆಯ ಮೇಲೆ ಬಿಳಿ ಅಂಕಿಗಳು ಓಡಿದವು... ಶಾಲೆಯ ಫೋಲ್ಡರು ಇತ್ತು. ತೆರೆಯಿತು. ಪ್ರಮಿಳಾ ಕೊನೆಯ ಪುಟದವರೆಗೆ ಹೋಗಿ ನೋಡಿ, ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರಿನ ಸದ್ದು.

ಸುದ್ದಿ ತಿಳಿದು ಅವ್ವ ಮುಷ್ಟಿ ಬಿಗಿಹಿಡಿದು ಬಂದಳು. ಬೆರಳ ಸಂದಿಯಿಂದ ಹಳದಿ ಉದುರುತ್ತಿತ್ತು. ಪ್ರಮಿಳಾ ಓಡಿ ಬಂದು ಮಶೀನಿಗೆ ಅಡ್ಡ ನಿಂತು ತಲೆ ಬಾಗಿಸಿದಳು.

"ಅವ್ವಾ, ನನ್ನ ತಲಿ ಮ್ಯಾಲ ಹಾರಸು. ಕೆಲಸ ಮಾಡಾಕಿ ನಾನಲ್ಲೇನು?"

ಅವ್ವನಿಗೆ ಅದು ಸರಿಯೆನಿಸಿತು.

೪ ನವೆಂಬರ್, ರವಿವಾರ. ಖಾನಾಪುರ

ದುಂಡಪ್ಪ ಬಂದರು, ಜೊತೆಗೆ ಪ್ರಮಿಳಾಳ ಗಂಡ. ಪ್ರಿಂಟರ್ ಕಿರ್ರೆಂದು ಎಳೆಯುತ್ತಿತ್ತು. ಪ್ರಮಿಳಾ ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ.

"ಕುಂದರ್ರಿ ಮಾವಾರ. ಇದೊಂದು ಹಾಳಿ ಮುಗೀಲಿ."

ಕುಳಿತರು. ಗಂಡ ಬಾಗಿಲಲ್ಲೇ ನಿಂತಿದ್ದ. ಅಪ್ಪ ಮುಗಿದ ಹಾಳೆಗಳನ್ನು ಒಂದೊಂದಾಗಿ ದುಂಡಪ್ಪನವರ ಕೈಗೆ ಕೊಟ್ಟರು, ಕನ್ನಡ, ಮರಾಠಿ, ಶಾಲೆಯ ಹೆಸರಿದ್ದದ್ದು. ದುಂಡಪ್ಪ ತಿರುಗಿಸಿ ನೋಡಿ, ಕೆಲಸ ಚಲೋ ಐತಿ ಎಂದು ಒಪ್ಪಿದರು. ಹುಡುಗಿಯನ್ನು ಯಾವಾಗ ಕಳಿಸುತ್ತೀರಿ ಎಂದರು.

ಅಪ್ಪ ಕನ್ನಡಕ ತೆಗೆದರು. "ಆಕೀನಽ ಕೇಳ್ರಿ."

ಕೇಳಲಿಲ್ಲ ಯಾರೂ. ಪ್ರಮಿಳಾಳೇ ಪ್ರಿಂಟರ್ ನಿಲ್ಲಿಸಿ, ತಿರುಗಿ, ಗಂಡನ ಕಡೆಗಲ್ಲ, ಮಾವನ ಕಡೆಗೆ ನೋಡಿ ಹೇಳಿದಳು. "ನಾ ಬರಂಗಿಲ್ರಿ."

ಚಹಾ ಕುಡಿದೇ ಹೋದರು. ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದರು, ಬಂದು ಕೈಕಾಲು ತೊಳೆದು ಉಂಡರು, ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಪ್ರಮಿಳಾ ಕರೆಯುತ್ತಿದ್ದಾಳೆ. ಮರಾಠಿ ಪುಟಗಳಿಗೆ ಇನ್ನೊಂದು ಜೊತೆ ಕಣ್ಣು ಬೇಕಂತೆ, ನಾಳೆ ಪ್ರೆಸ್ಸಿಗೆ —